ಎರಡು ಸಲ ಬಂದ ಹನ್ನೆರಡು ನುಡಿ

ಜನವರಿ ಹನ್ನೊಂದು, ಶನಿವಾರ

ಚೂಟಿಗೆ ಅಜ್ಜಿ ಬರೆಯುವುದು.

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿಯೇ ಇರಬೇಕು. ಇಲ್ಲದಿದ್ದರೆ ನಿಮ್ಮ ದೊಡ್ಡ ಮನೆಯವರು ಇಷ್ಟು ಹೊತ್ತಿಗೆ ಹೇಳಿ ಕಳಿಸುತ್ತಿದ್ದರು. ಕೆಟ್ಟ ಸುದ್ದಿ ಹೇಳುವುದರಲ್ಲಿ ಅವರಷ್ಟು ಚುರುಕಿನವರನ್ನು ನಾನು ಕಂಡಿಲ್ಲ. ಒಳ್ಳೆಯದನ್ನು ಮಾತ್ರ ನಮ್ಮ ಬೀಗದಕ್ಕನ ಬಾಯಿಂದಲೇ ಕೇಳಬೇಕು.

ನಿನ್ನೆ ಅವಳು ಒಗೆಯುವ ಕೋಣೆಗೆ ಬಂದಿದ್ದಳು. ಈ ಚಿಕ್ಕ ಮನೆಯ ಬೀಗದ ಗೊಂಚಲು ಅವಳ ಸೊಂಟಕ್ಕೆ ಬಂದು ಹದಿನಾಲ್ಕು ವರ್ಷವಾಯಿತು, ಒಂದು ದಿನವೂ ಈ ಹೊಸ್ತಿಲು ದಾಟಿದವಳಲ್ಲ. ನಿನ್ನೆ ತಾನೇ ಸ್ಟೂಲು ಎಳೆದು, ಕೈಯಿಂದ ಒರೆಸಿ, "ಕೂತ್ಕೊಳ್ಳಿ" ಎಂದಳು. ಹಿಂದೆ ಯಾರೋ ದೊಡ್ಡವರು ಬಂದಿರಬೇಕೆಂದು ನಾನು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆಮೇಲೆ ಹೇಳಿದಳು. ನಿಮ್ಮ ಹಿರಿಯಕ್ಕ ಹಾಸಿಗೆ ಹಿಡಿದಿದ್ದಾರಂತೆ, ಜೂನ್ ಒಂದಕ್ಕೆ ಅವರ ಕುರ್ಚಿಯಲ್ಲಿ ನಿನ್ನನ್ನು ಕೂರಿಸುತ್ತಾರಂತೆ. ಪ್ರಾರ್ಥನೆಯ ನಲವತ್ತು ಮನೆಗಳು, ಅಷ್ಟೂ ಶಾಲೆಗಳು, ಅಷ್ಟೂ ಅಕ್ಕಂದಿರು ಇನ್ನು ನಿನ್ನ ಮಾತಿಗೆ ತಲೆಬಾಗಬೇಕಂತೆ. ಇನ್ನು ಮುಂದೆ ನೀನೇ ಎಲ್ಲರಿಗೂ ಹಿರಿಯಕ್ಕ ಎಂದಳು. ನನಗೂ ಸೇರಿ ಏನಮ್ಮಾ ಎಂದೆ. ನಿಮಗೂ ಎಂದಳು.

ನನ್ನ ಮಗಳ ಹೊಟ್ಟೆಯಲ್ಲಿ ಹುಟ್ಟಿದವಳು ನನಗೆ ಅಕ್ಕನಾಗುವುದು ಹೇಗೋ, ಮೂರನೇ ಕ್ಲಾಸಿನವಳಿಗೆ ಈ ಲೆಕ್ಕ ಕೂಡಿ ಬರಲಿಲ್ಲ.

ಹೋಗುವಾಗ ಇನ್ನೊಂದು ಮಾತು ಹೇಳಿದಳು. ಆ ಕುರ್ಚಿಯಲ್ಲಿ ಕೂತವಳಿಗೆ ನೆಂಟರಿಲ್ಲ, ವರ್ಷಕ್ಕೊಮ್ಮೆ ನಾನು ಬಂದು ಒಂದು ಗಂಟೆ ನಿನ್ನ ಮುಖ ನೋಡುವುದು ನಿಲ್ಲುತ್ತದೆ, ಕಾಗದವೂ ನಿಲ್ಲುತ್ತದೆ. ಮೆಲ್ಲಗೆ ಹೇಳಿದಳು, ಸತ್ತವರ ಮನೆಗೆ ಬಂದವರು ಮಾತಾಡುವ ಹಾಗೆ.

ಆರು ವರ್ಷದವಳನ್ನು ಕರೆದುಕೊಂಡು ಹೋದರು. ಇಪ್ಪತ್ತು ವರ್ಷ ಕಲಿಸಿದರು. ಐದು ಭಾಷೆ, ಕಾನೂನು, ಗಾಯಕ್ಕೆ ಹೊಲಿಗೆ ಹಾಕುವುದು, ಸಾವಿರ ಜನರ ಮುಂದೆ ಚೀಟಿ ನೋಡದೆ ಮಾತಾಡುವುದು. ಹೋದ ವರ್ಷ ಬಂದಾಗ ನೋಡಿದೆನಲ್ಲ, ಬೆನ್ನಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದವರ ಹಾಗೆ ಕೂತಿದ್ದೆ. ಚೆನ್ನಾಗಿತ್ತು. ನನ್ನ ಕೆಲಸಕ್ಕಿಂತ ಅವರ ಕೆಲಸ ಅಚ್ಚುಕಟ್ಟು.

ನಿನಗೆ ಇದು ಬೇಕೋ ಬೇಡವೋ ಎಂದು ಕೇಳುವುದಿಲ್ಲ. ಕೇಳಬೇಕಾದ ದಿನ ಕೇಳಲಿಲ್ಲ, ಈಗ ಕೇಳಿದರೆ ನನ್ನ ನಾಲಿಗೆಗೇ ನಾಚಿಕೆ.

ಊಟ ಸರಿಯಾಗಿ ಮಾಡು.

ನಿನ್ನ ಅಜ್ಜಿ


ಫೆಬ್ರವರಿ ೨

ಪ್ರೀತಿಯ ಅಜ್ಜಿಗೆ,

ನಿಮ್ಮ ಕಾಗದ ಓದಿ ನಕ್ಕೆ. ಇಲ್ಲಿ ನಗುವವರು ಕಡಿಮೆ, ಪಕ್ಕದ ಕೋಣೆಯವರು ಬಂದು ಮೈ ಹುಷಾರಿಲ್ಲವೇ ಎಂದು ವಿಚಾರಿಸಿಕೊಂಡು ಹೋದರು.

ಯಾರಿಗೂ ಹೇಳದ ಒಂದು ವಿಷಯವನ್ನು ನಿಮಗೆ ಹೇಳುತ್ತೇನೆ. ಈ ಕುರ್ಚಿಯಲ್ಲಿ ಇದುವರೆಗೆ ಏಳು ಮಂದಿ ಕೂತಿದ್ದಾರೆ. ಕೂರುವ ಮೊದಲು ಏಳೂ ಮಂದಿಗೆ ದೇವರ ಕರೆ ಕೇಳಿಸಿದೆ. ಒಬ್ಬರಿಗೆ ಬಾವಿಯಿಂದ ನೀರು ಸೇದುವಾಗ, ಒಬ್ಬರಿಗೆ ಜ್ವರದಲ್ಲಿ, ಈಗಿನ ಹಿರಿಯಕ್ಕನಿಗೆ ಸೌದೆ ಒಡೆಯುವಾಗ. ಕೇಳಿಸಿತೆಂದು ಅವರವರೇ ಹೇಳಬೇಕು, ಬೇರೆಯವರು ಹೇಳಿಸುವಂತಿಲ್ಲ. ಇಲ್ಲಿ ಇರುವ ನಿಯಮಗಳಲ್ಲೆಲ್ಲ ಮುರಿಯಲಾಗದ್ದು ಇದೊಂದೇ. ದಿನವೂ ಬೆಳಿಗ್ಗೆ ಹಿರಿಯಕ್ಕನ ಹಾಸಿಗೆಯ ಪಕ್ಕ ನಿಲ್ಲುತ್ತೇನೆ. ಅವರು, "ಕೇಳಿಸ್ತಾ ಮಗಾ?" ಎನ್ನುತ್ತಾರೆ. ಇಲ್ಲ ಎನ್ನುತ್ತೇನೆ. "ಸರಿ, ಹೋಗಿ ಓದ್ಕೋ" ಎನ್ನುತ್ತಾರೆ.

ಓದಿದೆ ಅಜ್ಜಿ. ಓದಲು ಇನ್ನೇನೂ ಉಳಿದಿಲ್ಲ. ದೇವರ ಬಗ್ಗೆ ಐದು ಭಾಷೆಯಲ್ಲಿ ವಾದಿಸಿ ಗೆಲ್ಲಬಲ್ಲೆ. ನನ್ನ ಮಾತು ಕೇಳಿ ಜನ ಅಳುತ್ತಾರೆ. ಅವರು ಎಲ್ಲಿ ಅಳುತ್ತಾರೆ ಎನ್ನುವುದು ನನಗೆ ಮೊದಲೇ ಗೊತ್ತಿರುತ್ತದೆ, ಅಲ್ಲಿಗೆ ಬಂದಾಗ ದನಿ ತಗ್ಗಿಸುತ್ತೇನೆ. ಆದರೆ ಒಂದು ಸಲವೂ, ಒಂದು ಪಿಸುಮಾತಿನಷ್ಟೂ, ನನಗೆ ಏನೂ ಕೇಳಿಸಿಲ್ಲ.

ನನ್ನ ಕೈಯಲ್ಲಿ ಉಳಿದಿರುವುದು ಆ ಒಂದು ದಿನ ಮಾತ್ರ. ಹಿರಿಯಕ್ಕ ನಿಮ್ಮ ಚಿಕ್ಕ ಮನೆಗೆ ಬಂದಿದ್ದಾಗ, ಎಲ್ಲರೂ ಮೌನವಾಗಿ ಕೂತಿದ್ದಾಗ, ಆರು ವರ್ಷದ ನಾನು ಎದ್ದು ನಿಂತು ಬೆಳಗಿನ ಪ್ರಾರ್ಥನೆಯ ನೂರು ನುಡಿಯನ್ನು ಒಂದೇ ಉಸಿರಿಗೆ ಹೇಳಿದ್ದು. ಹೇಳಿದ್ದು ದೊಡ್ಡದಲ್ಲವಂತೆ. ನಲವತ್ತೊಂದರಿಂದ ಐವತ್ತೆರಡರವರೆಗಿನ ಹನ್ನೆರಡು ನುಡಿಗಳನ್ನು ಎರಡು ಸಲ ಹೇಳಿದೆನಂತೆ. ದೊಡ್ಡ ಮನೆಯಲ್ಲಿ ಎಲ್ಲಕ್ಕಿಂತ ಹಳೆಯ ಒಂದು ಪ್ರತಿ ಇದೆ, ಹಿರಿಯಕ್ಕನ ಹೊರತು ಬೇರೆ ಯಾರೂ ಅದನ್ನು ಬಿಚ್ಚುವಂತಿಲ್ಲ. ಅದರಲ್ಲಿ ಆ ಹನ್ನೆರಡು ನುಡಿ ಎರಡು ಸಲ ಇವೆ. ಇದು ಹೊರಗಿನ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ನನ್ನನ್ನು ಕರೆತಂದರು.

ನನಗೆ ಆ ದಿನದ ನೆನಪೇ ಇಲ್ಲ. ನೀವು ಬಾಗಿಲಲ್ಲಿ ನಿಂತಿದ್ದಿರಿ ಎಂದು ಹೇಳುತ್ತಾರೆ. ಅಜ್ಜಿ, ನನಗೆ ಅದನ್ನು ಯಾರಾದರೂ ಕಲಿಸಿದ್ದರೇ? ಯಾರೂ ಕಲಿಸಿಲ್ಲವಾದರೆ ಅದೇ ನನಗೆ ಬಂದ ಕರೆ ಎಂದುಕೊಂಡು, ಕೇಳಿಸಿತೆಂದು ಹೇಳಿ, ಕೂರುತ್ತೇನೆ. ಕಲಿಸಿದ್ದರೆ ನಾನು ಬರೀ ಜಾಣೆ, ಇಲ್ಲಿಂದ ಹೊರಡುತ್ತೇನೆ. ಎರಡು ವರ್ಷದ ಹಿಂದೆ ನದಿ ದಂಡೆಯ ಆಸ್ಪತ್ರೆಯಲ್ಲಿ ಎಂಟು ತಿಂಗಳು ಕೆಲಸ ಕಲಿತೆನಲ್ಲ, ಅಲ್ಲಿಯ ವಾರ್ಡಿನ ದೊಡ್ಡ ನರ್ಸು ನನಗೆ ಈಗಲೂ ಬರೆಯುತ್ತಾರೆ. ಸಾಯುವವರ ಪಕ್ಕ ಕೂರುವುದಕ್ಕೆ ನಿನ್ನಂಥವಳು ಬೇಕು ಎನ್ನುತ್ತಾರೆ. ಅದು ಊರಿನವರ ಆಸ್ಪತ್ರೆ, ನಮ್ಮ ಮನೆಗೆ ಸೇರಿದ್ದಲ್ಲ. ಹಿಂಭಾಗದಲ್ಲಿ ನರ್ಸುಗಳಿಗೆ ಎರಡು ಕೋಣೆಯ ಮನೆ ಕೊಡುತ್ತಾರೆ. ಒಂದು ನಿಮಗೆ.

ನಿಜ ಬರೆಯಿರಿ. ನಿಮ್ಮನ್ನು ಬಿಟ್ಟರೆ ಇದು ಗೊತ್ತಿರುವವರು ಯಾರೂ ಇಲ್ಲ.

ನಿಮ್ಮ
ಚೂಟಿ


ಫೆಬ್ರವರಿ ಹತ್ತೊಂಬತ್ತು

ಚೂಟಿಗೆ,

ಕಾಗದ ಬಂತು. ಇಲ್ಲಿ ವಾರದಿಂದ ಮೋಡ, ಒಂದು ಬಟ್ಟೆಯೂ ಒಣಗುತ್ತಿಲ್ಲ. ಕೋಣೆಯ ಒಳಗೇ ಹಗ್ಗ ಕಟ್ಟಿದ್ದೇನೆ, ಒದ್ದೆ ನಿಲುವಂಗಿಗಳ ನಡುವೆ ತಲೆ ತಗ್ಗಿಸಿ ಓಡಾಡಬೇಕು. ಬೀಗದಕ್ಕ ದಿನಾ ಬಂದು ಏನಾದರೂ ಬೇಕೇ ಎನ್ನುತ್ತಾಳೆ. ಬಿಸಿಲು ಬೇಕು ಎಂದೆ. ಪ್ರಾರ್ಥಿಸುತ್ತೇನೆ ಎಂದಳು.

ಯಾರು ಕಲಿಸಿದರು ಎಂದು ಕೇಳಿದ್ದೀಯ. ಅಂದು ನಿಮ್ಮ ಹಿರಿಯಕ್ಕನೂ ಇದನ್ನೇ ಕೇಳಿದರು. ಯಾರೂ ಕಲಿಸಿಲ್ಲ ಎಂದಿದ್ದೆ. ಈಗಲೂ ಅದನ್ನೇ ಹೇಳುತ್ತೇನೆ.

ಹಂಡೆ ಕುದಿಯುತ್ತಿದೆ, ಹೆಚ್ಚು ಬರೆಯಲಾರೆ.

ಅಜ್ಜಿ


ಮಾರ್ಚ್ ೮

ಅಜ್ಜಿ,

ಸರಿ. ನಿಮ್ಮ ಮಾತಿನ ಮೇಲೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೇನೆ. ಈ ತಿಂಗಳ ಕೊನೆಗೆ ಸಭೆ ಸೇರುತ್ತದೆ, ಅಲ್ಲಿ ಹೇಳುತ್ತೇನೆ. ನೆಮ್ಮದಿಯಾಗುತ್ತದೆ ಎಂದುಕೊಂಡಿದ್ದೆ. ನದಿ ದಂಡೆಯ ನರ್ಸಿಗೆ ಬರುವುದಿಲ್ಲವೆಂದು ಬರೆದು ಅಂಚೆಗೆ ಹಾಕಿ ಬಂದ ಮೇಲೆ ಯಾಕೋ ಬಹಳ ಹೊತ್ತು ಅತ್ತೆ.

ಈಗ ನನಗೆ ಉಳಿದಿರುವ ಓದು ಒಂದೇ. ಇಲ್ಲಿ ಕನ್ನಡಕದಕ್ಕ ಎಂದು ಕರೆಯುವ ಒಬ್ಬರಿದ್ದಾರೆ, ದೊಡ್ಡ ವಿದ್ವಾಂಸೆ. ನಾನು ಬಂದ ವರ್ಷದಿಂದ ಆ ಹನ್ನೆರಡು ನುಡಿ ಯಾಕೆ ಎರಡು ಸಲ ಬರುತ್ತವೆ ಎಂದು ಬರೆಯುತ್ತಿದ್ದಾರೆ. ಮುನ್ನೂರು ಪುಟವಾಗಿದೆ. ಒಂದು ಸಲ ಇರುವವರಿಗೆ, ಇನ್ನೊಂದು ಸಲ ಹೋದವರಿಗೆ ಎಂದು ಅವರ ವಾದ. ಓದುತ್ತಿದ್ದರೆ ಮೈ ಜುಮ್ಮೆನ್ನುತ್ತದೆ. ಮಗುವನ್ನು ಕಳೆದುಕೊಂಡ ತಾಯಂದಿರು ಈಗ ಆ ಎರಡನೆಯ ಹನ್ನೆರಡನ್ನು ಹೇಳುತ್ತಾರಂತೆ. ನಾನಂತೂ ಬಾಯಿಪಾಠ ಮಾಡಿಕೊಳ್ಳುತ್ತಿದ್ದೇನೆ.

ಚೂಟಿ


ಮಾರ್ಚ್ ಹದಿನಾರು, ಭಾನುವಾರ

ಚೂಟಿ,

ಇದನ್ನು ಕೂತು ಓದು. ಬೇರೆಯವರ ಎದುರು ಓದಬೇಡ.

ನಿನಗೆ ಕಲಿಸಿದ್ದು ನಾನು.

ಕಲಿಸಬೇಕೆಂದು ಕಲಿಸಲಿಲ್ಲ. ಒಗೆಯುವ ಕೋಣೆಗೂ ಪ್ರಾರ್ಥನಾ ಕೋಣೆಗೂ ನಡುವೆ ಇರುವುದು ಒಂದು ಗೋಡೆ. ಬೆಳಿಗ್ಗೆ ಅಕ್ಕಂದಿರು ಆ ಕಡೆ ನೂರು ನುಡಿ ಹೇಳುವ ಹೊತ್ತಿಗೆ ಈ ಕಡೆ ನಾನು ಒಲೆ ಹೊತ್ತಿಸುತ್ತಿದ್ದೆ. ಎಂಟು ವರ್ಷ ದಿನಾ ಕಿವಿಗೆ ಬಿದ್ದರೆ ಹಂಡೆಗೂ ಬಾಯಿಪಾಠವಾಗುತ್ತದೆ. ನನ್ನ ಕೋಣೆಯಲ್ಲಿ ಗಡಿಯಾರ ಇರಲಿಲ್ಲ, ಇದ್ದಿದ್ದರೂ ಹಬೆಯಲ್ಲಿ ಮುಳ್ಳು ಕಾಣುತ್ತಿರಲಿಲ್ಲ. ಬಟ್ಟೆಯೋ ಹದ ನೋಡಿ ಕುದಿಸಬೇಕಾದದ್ದು. ಕಡಿಮೆಯಾದರೆ ಕೊಳೆ ಬಿಡುವುದಿಲ್ಲ, ಹೆಚ್ಚಾದರೆ ನೂಲು ಸಾಯುತ್ತದೆ. ಅದಕ್ಕೆ ನಾನು ನುಡಿಗಳನ್ನೇ ಗಡಿಯಾರ ಮಾಡಿಕೊಂಡೆ. ತಲೆವಸ್ತ್ರಕ್ಕೆ ಒಂದರಿಂದ ಇಪ್ಪತ್ತು. ನಿಲುವಂಗಿಗೆ ಅಷ್ಟೂ ನೂರು. ಪ್ರಾರ್ಥನಾ ಕೋಣೆಯ ಪರದೆಗಳು ದಪ್ಪ, ಅವಕ್ಕೆ ನೂರು ಸಾಲದು. ನಲವತ್ತಕ್ಕೆ ಸೋಡಾ ಹಾಕಿ, ನಲವತ್ತೊಂದರಿಂದ ಐವತ್ತೆರಡರವರೆಗೆ ಕೋಲಿನಿಂದ ತಿರುವಿ, ಪರದೆ ಮಗುಚಿ, ಅದೇ ಹನ್ನೆರಡನ್ನು ಮತ್ತೆ ಹೇಳುತ್ತ ಇನ್ನೊಂದು ಮಗ್ಗುಲನ್ನು ತಿರುವಬೇಕು. ಆಮೇಲೆ ಐವತ್ತಮೂರು.

ಇರುವವರಿಗೂ ಅಲ್ಲ, ಹೋದವರಿಗೂ ಅಲ್ಲ. ಪರದೆಗೆ.

ನಿನ್ನಮ್ಮ ನಿನ್ನನ್ನು ಹೆತ್ತು ಹೋದ ಮೇಲೆ ನೀನು ಬೆಳೆದದ್ದು ಬಟ್ಟೆ ಬುಟ್ಟಿಯಲ್ಲಿ. ಮಾತು ಬರುವ ಮೊದಲೇ ನಿನಗೆ ಇದು ಕೇಳಿಸುತ್ತಿತ್ತು. ಹಿರಿಯಕ್ಕ ಬರುತ್ತಾರೆಂದು ಆ ವಾರ ಪೂರ್ತಿ ಪರದೆಗಳನ್ನೇ ಒಗೆದಿದ್ದೆ, ಅದಕ್ಕೇ ನಿನ್ನ ಬಾಯಲ್ಲಿ ಪರದೆಯ ಪಾಠವೇ ಬಂತು. ನಿಲುವಂಗಿಯ ವಾರವಾಗಿದ್ದರೆ ನೀನು ನೂರನ್ನೇ ಹೇಳಿ ಕೂರುತ್ತಿದ್ದೆ, ಜಾಣ ಮಗು ಎಂದು ಕೆನ್ನೆ ಹಿಂಡಿ ಹೋಗುತ್ತಿದ್ದರು.

ಹಳೆಯ ಪ್ರತಿಯಲ್ಲಿ ಯಾಕೆ ಎರಡು ಸಲ ಇದೆಯೋ ನನಗೆ ಗೊತ್ತಿಲ್ಲ. ಬರೆಯುತ್ತಿದ್ದವಳಿಗೆ ತೂಕಡಿಕೆ ಬಂದಿರಬಹುದು.

ನಾನು ಯಾಕೆ ಬಾಯಿ ಬಿಡಲಿಲ್ಲ ಎನ್ನುತ್ತೀಯ. ನೂರು ನುಡಿಯನ್ನು ಕೈ ತೊಳೆದು, ಪ್ರಾರ್ಥನಾ ಕೋಣೆಯ ಒಳಗೆ ಕೂತೇ ಹೇಳಬೇಕು. ಪಾತ್ರೆ ತಿಕ್ಕುತ್ತ ಹೇಳಿಕೊಂಡಳೆಂದು ಅಡಿಗೆಯವಳೊಬ್ಬಳನ್ನು ಅದೇ ವರ್ಷ ಹೊರಗೆ ಹಾಕಿದ್ದರು. ಮೊದಲು ಭಯ. ಮಾರನೆಯ ದಿನ ಭಯ ಹೋಯಿತು, ಆಸೆ ಬಂತು. ಇವಳಿಗೆ ಕಲಿಸುತ್ತೇವೆ, ಎಷ್ಟು ಓದುತ್ತಾಳೋ ಅಷ್ಟು ಓದಿಸುತ್ತೇವೆ ಎಂದರು ಹಿರಿಯಕ್ಕ. ನನ್ನನ್ನು ಶಾಲೆ ಬಿಡಿಸಿದಾಗ ಹದಿಮೂರರ ಮಗ್ಗಿ ನಡೆಯುತ್ತಿತ್ತು. ಹದಿನಾಲ್ಕರದು ನನಗೆ ಇವತ್ತಿಗೂ ಬರುವುದಿಲ್ಲ. ನಿನಗಾದರೂ ಬರಲಿ ಎಂದು ಬಾಯಿ ಮುಚ್ಚಿಕೊಂಡೆ. ಆ ಓದನ್ನು ನಿನಗೆ ಕೊಡಿಸಿದ್ದು ನನ್ನ ಸುಳ್ಳು. ಅದಕ್ಕಾಗಿ ಪಶ್ಚಾತ್ತಾಪ ಪಡು ಎಂದರೆ, ಪ್ರಯತ್ನಿಸಿದ್ದೇನೆ, ಆಗುವುದಿಲ್ಲ.

ಹೋದ ತಿಂಗಳು ಮತ್ತೆ ಸುಳ್ಳು ಬರೆದೆನಲ್ಲ, ಅದಕ್ಕೆ ಮಾತ್ರ ನನಗೆ ಕ್ಷಮೆಯಿಲ್ಲ. ಇಷ್ಟು ಮೇಲೇರಿದವಳನ್ನು ಕಾಲು ಹಿಡಿದು ಎಳೆದ ಹಾಗಾಗುತ್ತದೆ ಎಂದುಕೊಂಡೆ. ನೀನು ಅತ್ತೆ ಎಂದು ಬರೆದಿದ್ದು ಓದಿದ ಮೇಲೆ ನನ್ನ ತಪ್ಪು ಗೊತ್ತಾಯಿತು.

ನಿನ್ನ ಜಾಣತನ ಸುಳ್ಳಲ್ಲ, ಅದು ನಿನ್ನದೇ. ಕರೆ ಮಾತ್ರ ನನ್ನ ಹಂಡೆಯಿಂದ ಬಂದದ್ದು. ಹೊರಟು ಬಾ. ಆ ಎರಡು ಕೋಣೆಯಲ್ಲಿ ಒಂದರಲ್ಲಿ ನಾನಿರುತ್ತೇನೆ, ವಾರ್ಡಿನ ಹೊದಿಕೆಗಳನ್ನು ಒಗೆದು ಕೊಡುತ್ತೇನೆ, ಬಾಯಿ ಬಿಗಿ ಹಿಡಿದು.

ನಿನ್ನ
ಅಜ್ಜಿ


ಏಪ್ರಿಲ್ ಹದಿನಾಲ್ಕು

ಚೂಟಿಗೆ,

ನಾಲ್ಕು ವಾರವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ನಿನ್ನ ಬದಲು ಇಬ್ಬರು ಅಕ್ಕಂದಿರು ಬಂದಿದ್ದರು. ಒಬ್ಬಳು ಆ ಕನ್ನಡಕದಕ್ಕ, ಇನ್ನೊಬ್ಬಳು ಅವಳ ಚೀಲ ಹೊರುವವಳು.

ಬೇರೆಯವರ ಎದುರು ಓದಬೇಡ ಎಂದಿದ್ದೆ, ನೀನು ಸಭೆಯಲ್ಲೇ ನಿಂತು ಓದಿದೆಯಂತೆ. ನಿಜ ಹೇಳುವುದನ್ನೂ ಅವರೇ ಕಲಿಸಿದ್ದಾರೆ, ನಾನು ಯಾರನ್ನು ಬಯ್ಯಲಿ.

ಪುಸ್ತಕವೇ ಸುಳ್ಳಾಗಿಹೋದವಳ ಮುಖ ನೋಡಬೇಕಾಗುತ್ತದೆ ಎಂದು ನನಗೆ ಅಳುಕಿತ್ತು. ಪಾಪ, ಮುನ್ನೂರು ಪುಟ. ಅವಳೋ ನನ್ನ ಒಲೆಯ ಮುಂದೆ ನೆಲದ ಮೇಲೆ ಕೂತು ನೋಟ್‌ಬುಕ್ಕು ತೆಗೆದಳು. ಹೇಗೆ ತಿರುವುತ್ತಿದ್ದಿರಿ ತೋರಿಸಿ ಎಂದಳು. ತೋರಿಸಿದೆ.

"ತಿರುವುವಾಗ ನಿಮ್ಗೆ ಏನನ್ನಿಸ್ತಿತ್ತು?"

"ಕೈ ಉರೀತಿತ್ತು."

ಬರೆದುಕೊಂಡಳು. "ಬೇರೇನೂ ಇಲ್ವಾ?"

"ಹೊಟ್ಟೆ ಹಸೀತಿತ್ತು."

ಅದನ್ನೂ ಬರೆದುಕೊಂಡಳು. ಆಮೇಲೆ ಪೆನ್ನು ನಿಲ್ಲಿಸಿ, ಹನ್ನೆರಡೇ ಯಾಕೆ, ಹತ್ತು ಯಾಕಲ್ಲ ಎಂದು ಕೇಳಿದಳು.

"ಹತ್ತಕ್ಕೆ ಕೊಳೆ ಹೋಗ್ತಿರ್ಲಿಲ್ಲ" ಎಂದೆ.

ಅವಳ ಕಣ್ಣು ತುಂಬಿ ಬಂತು ಚೂಟಿ. ಕನ್ನಡಕ ತೆಗೆದು ಒರೆಸಿಕೊಂಡು ಪಕ್ಕದವಳಿಗೆ ಹೇಳಿದಳು, "ನೋಡಿದ್ಯಾ, ಏನು ಹೇಳ್ತಿದ್ದೀನಿ ಅಂತ ಇವರಿಗೇ ಗೊತ್ತಿಲ್ಲ. ಗೊತ್ತಿಲ್ದೇ ಹೇಳ್ತಿದ್ದಾರೆ."

ಏನು ಹೇಳುತ್ತಿದ್ದೇನೆ ಎಂದು ನನಗೆ ಚೆನ್ನಾಗಿ ಗೊತ್ತು, ಪರದೆ ಒಗೆಯುವುದನ್ನು ಹೇಳುತ್ತಿದ್ದೇನೆ ಎಂದೆ. ಅದಕ್ಕೂ ತಲೆ ಆಡಿಸಿದಳು. ದೇವರು ಗೋಡೆಯ ಆಚೆಯಿಂದ ಈಚೆಗೆ ಬಂದು, ನನ್ನ ಕೈಯಿಂದ ನಿನ್ನ ಬಾಯಿಗೆ ಹೋದನಂತೆ. ಇನ್ನೂ ನೂರು ಪುಟ ಬರೆಯುತ್ತಾಳಂತೆ. ಹೋಗುವಾಗ ನನ್ನ ಕಾಲು ಮುಟ್ಟಲು ಬಾಗಿದಳು, ನಾನು ಹಿಂದೆ ಸರಿದು ಬಕೆಟ್ಟು ಎಡವಿದೆ.

ಅವರಿಗೆ ಏನು ಕೊಟ್ಟರೂ ಜೀರ್ಣವಾಗುತ್ತದೆ. ನಿಜ ಕೊಟ್ಟೆ, ಅದನ್ನೂ ನುಂಗಿ ತೇಗಿದರು. ಇನ್ನು ಅವರ ಒಪ್ಪಿಗೆಗೆ ಕಾಯಬೇಡ, ಎದ್ದು ಬಂದುಬಿಡು. ನಾನು ಬಟ್ಟೆ ಗಂಟು ಕಟ್ಟಿಟ್ಟಿದ್ದೇನೆ. ನನ್ನ ಜಾಗಕ್ಕೆ ಬೇರೆಯವಳನ್ನು ನೋಡಿಕೊಳ್ಳಿ ಎಂದು ಬೀಗದಕ್ಕನಿಗೂ ಹೇಳಿಯಾಗಿದೆ.

ಒಂದು ಸಾಲು ಬರಿ.

ಅಜ್ಜಿ


ಮೇ ೨೩

ಅಜ್ಜಿ,

ಈ ಕಾಗದ ತಡವಾಯಿತು. ಮೂರು ಸಲ ಬರೆದು ಹರಿದೆ.

ಸಭೆಯಲ್ಲಿ ನಿಮ್ಮ ಕಾಗದ ಓದಿದ ಮೇಲೆ ಏನಾಯಿತೆಂದು ನಿಮಗೆ ಗೊತ್ತೇ ಇದೆ. ಒಬ್ಬರ ನಂಬಿಕೆಯೂ ಅಲುಗಲಿಲ್ಲ. ಹಿರಿಯಕ್ಕ ಒಬ್ಬರಿಗೆ ಮಾತ್ರ ಅರ್ಥವಾಯಿತು. ಎಲ್ಲರನ್ನೂ ಕಳಿಸಿ ನನ್ನನ್ನು ಹಾಸಿಗೆಯ ಮೇಲೆ ಕೂರಿಸಿಕೊಂಡರು. ಅವರು ಶಾಲೆಯನ್ನೇ ಕಂಡವರಲ್ಲ, ನಿಮಗದು ಗೊತ್ತೇ? ಸೌದೆ ಒಡೆಯುತ್ತಿದ್ದವರಿಗೆ, ಊಟಕ್ಕೆ ಬಾ ಎಂದು ಕರೆದಷ್ಟೇ ಸ್ಪಷ್ಟವಾಗಿ ಕರೆ ಕೇಳಿಸಿತಂತೆ. ಕುರ್ಚಿಯಲ್ಲಿ ಕೂತ ಮೂರನೇ ವರ್ಷ ಯಾರೋ ತಂದ ಕಾಗದಕ್ಕೆ ಓದಲಾಗದೆ ಹೆಬ್ಬೆಟ್ಟು ಒತ್ತಿದರಂತೆ. ನಮ್ಮ ಮನೆಯದೇ ಒಂದು ಆಸ್ಪತ್ರೆ ಹಾಗೆ ಕೈಬಿಟ್ಟು ಹೋಯಿತು. ಆ ವರ್ಷ ಜ್ವರ ಬಂದಾಗ ಅದರ ಬಾಗಿಲು ಮುಚ್ಚಿತ್ತು. ಅಕ್ಷರ ಕೂಡಿಸಿ ಓದಲು ಅವರು ಕಲಿತದ್ದು ಅದಾದ ಮೇಲೆ. ಸತ್ತ ಮಕ್ಕಳ ಹೆಸರು ಅವರಿಗೆ ಇನ್ನೂ ನೆನಪಿದೆ, ನನಗೆ ಒಂದೊಂದಾಗಿ ಹೇಳಿದರು.

"ನನಗೆ ಕರೆ ಬಂತು, ಅಕ್ಷರ ಬರ್ಲಿಲ್ಲ" ಎಂದರು. "ಮುಂದಿನವಳಿಗೆ ಮೊದ್ಲು ಅಕ್ಷರ ಹಾಕ್ಸೋಣ, ಕರೆ ತಾನಾಗೇ ಬರುತ್ತೆ ಅಂದ್ಕೊಂಡೆ. ಗುಡಿಸಿ, ಸಾರಿಸಿ, ದೀಪ ಹಚ್ಚಿಟ್ಟೆ ಮಗಾ. ಬರೋರು ಬರ್ಲಿಲ್ಲ ಅಂದ್ರೆ ನಾನೇನು ಮಾಡ್ಲಿ."

ಆಮೇಲೆ, ಹೋಗು ಎಂದರು. ಕೇಳಿಸದೆ ಕೂರಬೇಡ, ನಿನಗೆ ಕಲಿಸಿದ್ದು ಎಲ್ಲಿದ್ದರೂ ನಾಲ್ಕು ಜನಕ್ಕೆ ಆಗುತ್ತದೆ, ಸಭೆಗೆ ನಾನೇ ಹೇಳುತ್ತೇನೆ ಎಂದರು. ಅವರ ಬಾಯಿಂದಲೇ ಬಂತು ಅಜ್ಜಿ. ನಾನು ನದಿ ದಂಡೆಗೆ ಬರೆದೆ, ಜಾಗ ಇನ್ನೂ ಖಾಲಿ ಇತ್ತು. ಮೇ ಹದಿನೈದರ ಬಸ್ಸಿಗೆ ಟಿಕೆಟ್ಟು ತೆಗೆಸಿದೆ. ನಿಮ್ಮನ್ನು ದಾರಿಯಲ್ಲಿ ಕರೆದುಕೊಳ್ಳಬೇಕೆಂದು, ಕಾಗದ ಬರೆಯದೆ ಬಾಗಿಲಲ್ಲಿ ಬಂದು ನಿಂತು ಹೆದರಿಸಬೇಕೆಂದು ಸುಮ್ಮನಿದ್ದೆ.

ಹದಿಮೂರರ ಬೆಳಿಗ್ಗೆ ಹಿರಿಯಕ್ಕನಿಗೆ ಉಸಿರು ಸಿಕ್ಕಿಕೊಂಡಿತು. ಸಭೆಗೆ ಇನ್ನೂ ಹೇಳಿರಲಿಲ್ಲ. ಕೋಣೆಯಲ್ಲಿ ನಾಲ್ವರು ಅಕ್ಕಂದಿರಿದ್ದರು. ನಾನು ಪಕ್ಕದಲ್ಲಿ ಕೂತು, ವಾರ್ಡಿನಲ್ಲಿ ಕೂರುತ್ತಿದ್ದ ಹಾಗೆ, ಕೈ ಹಿಡಿದುಕೊಂಡೆ. ಅವರಿಗೆ ನಮ್ಮ ಮಾತುಕತೆಯೆಲ್ಲ ಮರೆತುಹೋಗಿತ್ತು. ಕಣ್ಣಲ್ಲಿ ಬಹಳ ಹೆದರಿಕೆ ಇತ್ತು. ಆ ಮಕ್ಕಳ ಹೆಸರು ಹೇಳುತ್ತಿದ್ದರು. ಮಧ್ಯದಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿ, "ಕೇಳಿಸ್ತಾ?" ಎಂದರು.

ವಾರ್ಡಿನಲ್ಲಿ ಇಂಥ ಹೊತ್ತಿಗೆ ನಾವು ಜ್ವರ ಇಳಿದಿದೆ ಎನ್ನುತ್ತೇವೆ, ಮಗ ಹೊರಟಿದ್ದಾನೆ, ದಾರಿಯಲ್ಲಿದ್ದಾನೆ ಎನ್ನುತ್ತೇವೆ. ಹೇಗೆ ಹೇಳಬೇಕು, ಎಷ್ಟು ಮೆಲ್ಲಗೆ, ನನಗೆ ಚೆನ್ನಾಗಿ ಬರುತ್ತದೆ.

"ಕೇಳಿಸ್ತು" ಎಂದೆ.

ಅವರ ಮುಖ ಸಡಿಲವಾಯಿತು. ಅಷ್ಟು ಸುಲಭವಾಗಿ ಹೋದವರನ್ನು ನಾನು ನೋಡಿಲ್ಲ. ಇನ್ನೂ ಅವರ ಕೈ ನನ್ನ ಕೈಯಲ್ಲಿತ್ತು, ಹಿಂದೆ ನಾಲ್ವರೂ ಮಂಡಿಯೂರಿದ ಸದ್ದು ಕೇಳಿಸಿತು. ಅದು ಅವರಿಗಲ್ಲ, ನನಗೆ.

ನಾನು ಹೇಳಿದ್ದು ಸಾಯುವವರಿಗೆ ಹೇಳುವ ಮಾತು ಎಂದು ಹತ್ತು ದಿನದಿಂದ ಹೇಳುತ್ತಿದ್ದೇನೆ. ಮೊದಲಿನ ಏಳು ಮಂದಿಯೂ ಮೊದಮೊದಲು ಹೀಗೇ ಹಿಂಜರಿದರು ಎನ್ನುತ್ತಾರೆ, ಅದಕ್ಕೆ ಪುಸ್ತಕ ತೋರಿಸುತ್ತಾರೆ. ನಾನು ಸುಳ್ಳು ಹೇಳಿದೆ ಎಂದು ಗಟ್ಟಿಯಾಗಿ ಕೂಗಬಹುದು. ಆಗ ಹಿರಿಯಕ್ಕ ಮೋಸಹೋಗಿ ಸತ್ತರು ಎಂದಾಗುತ್ತದೆ. ಅದನ್ನು ಮಾಡಲು ನನ್ನಿಂದ ಆಗುತ್ತಿಲ್ಲ. ಹೊರಗೆ ಅಂಗಳದಲ್ಲಿ ಜನ ಕೂತಿದ್ದಾರೆ, ಕಾಯಿಲೆಯ ಮಕ್ಕಳನ್ನು ಎತ್ತಿಕೊಂಡು. ಕರೆ ಕೇಳಿಸಿದವಳು ಬರುತ್ತಾಳೆ ಎಂದು ಕೂತಿದ್ದಾರೆ.

ಜೂನ್ ಒಂದಕ್ಕೆ ಕೂರುತ್ತೇನೆ. ಇದು ಕೊನೆಯ ಕಾಗದ. ಕಟ್ಟಿದ ಗಂಟನ್ನು ಬಿಚ್ಚಿಬಿಡಿ. ನೀವು ಕಟ್ಟಿದ್ದೀರಿ ಎಂದು ಓದಿದ ದಿನದಷ್ಟು ಸಂತೋಷ ನನಗೆ ಇಲ್ಲಿ ಬಂದ ಮೇಲೆ ಆಗಿರಲಿಲ್ಲ.

ನಿಮ್ಮ
ಚೂಟಿ


ಸೆಪ್ಟೆಂಬರ್ ಏಳು, ಭಾನುವಾರ

ದೊಡ್ಡ ಮನೆಯಲ್ಲಿ ಕಾಗದಗಳನ್ನು ಒಡೆದು ಓದುವ ಅಕ್ಕನಿಗೆ ನಮಸ್ಕಾರ.

ಜೂನ್ ತಿಂಗಳಲ್ಲಿ ನಾನು ನನ್ನ ಮೊಮ್ಮಗಳಿಗೆ ಒಂದು ಕಾಗದ ಬರೆದಿದ್ದೆ. ಅದಕ್ಕೆ ನೀವು ಅಚ್ಚು ಹಾಕಿದ ಕಾರ್ಡು ಕಳಿಸಿದಿರಿ. ನಿಮ್ಮ ಅಹವಾಲು ತಲುಪಿದೆ, ಹಿರಿಯ ಅಕ್ಕನವರ ಹಾರೈಕೆ ನಿಮ್ಮ ಮೇಲಿದೆ ಎಂದು. ನಾನು ಅಹವಾಲು ಹೇಳಿರಲಿಲ್ಲ, ಎರಡು ಹೊತ್ತು ಊಟ ಮಾಡು ಎಂದು ಬರೆದಿದ್ದೆ. ಇರಲಿ, ನೀವಾದರೂ ಮಾಡಿ. ಇದನ್ನು ಅವಳಿಗೆ ಬರೆಯುತ್ತಿಲ್ಲ, ನಿಮಗೇ ಬರೆಯುತ್ತಿದ್ದೇನೆ, ಯಾಕೆಂದರೆ ಒಂದು ತಪ್ಪನ್ನು ನೀವೇ ಸರಿ ಮಾಡಬೇಕು.

ಹೋದ ತಿಂಗಳು ಅವಳು ನಮ್ಮ ಚಿಕ್ಕ ಮನೆಗೆ ಬಂದಿದ್ದಳು. ಜನ ಬಾಗಿಲಿನಿಂದ ಬೀದಿಯವರೆಗೆ ಸಾಲು ನಿಂತಿದ್ದರು. ಬೀಗದಕ್ಕ ನನ್ನನ್ನು ಮುಂದೆ ಕರೆದಳು, ನೆಂಟರಿಲ್ಲ ಎಂದ ಮೇಲೆ ಸಾಲೇ ಸರಿ ಎಂದು ನಾನು ಹಿಂದೆ ನಿಂತೆ. ಒಬ್ಬೊಬ್ಬರು ಒಂದು ಮಾತು ಕೇಳಬಹುದು. ನಾನು ಕೇಳಬೇಕೆಂದುಕೊಂಡು ಹೋಗಿದ್ದ ಮಾತು ನಿಮಗೆ ಗೊತ್ತಿರುತ್ತದೆ. ಈ ಮೂರು ತಿಂಗಳಲ್ಲಿ ಏನಾದರೂ, ಒಂದು ಚೂರಾದರೂ, ಕೇಳಿಸಿತೇ ಎಂದು. ಹತ್ತಿರ ಹೋಗಿ ಅವಳ ಮುಖ ನೋಡಿದೆ. ಕೇಳಿದರೆ ಅಷ್ಟು ಜನರ ಎದುರು ಮತ್ತೊಂದು ಸಲ ಅವಳ ಬಾಯಿಂದ ಸುಳ್ಳು ಹೇಳಿಸಿದ ಹಾಗಾಗುತ್ತಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ. ಮೊಣಕಾಲು ನೋವು ಎಂದೆ.

ಅವಳು ಕುರ್ಚಿಯಿಂದ ಇಳಿದು ನನ್ನ ಮುಂದೆ ನೆಲದ ಮೇಲೆ ಕೂತಳು. ಎರಡು ಬೆರಳಿನಿಂದ ಚಿಪ್ಪಿನ ಪಕ್ಕ ಒತ್ತಿ, ಕಾಲು ಮಡಿಸಿ, ಬಿಚ್ಚಿ ನೋಡಿದಳು. ಎಲ್ಲಿ ಒತ್ತಿದರೆ ನೋಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆ ಹೊತ್ತಿನಲ್ಲಿ ಅವಳ ಬೆನ್ನು ಸ್ವಲ್ಪ ಬಾಗಿತ್ತು, ಹುಬ್ಬು ಗಂಟಿಕ್ಕಿತ್ತು, ಸುತ್ತ ಇದ್ದವರನ್ನೆಲ್ಲ ಮರೆತಿದ್ದಳು. "ನೀರು ತುಂಬಿದೆ. ಮೆಟ್ಟಿಲು ಹತ್ಬೇಡಿ. ಬಿಸಿ ಬಟ್ಟೆ ಕಟ್ಟಿ, ಭಾರ ಎತ್ಬೇಡಿ" ಎಂದಳು. ಮತ್ತೆ ಎದ್ದು ಹೋಗಿ ಕೂತಳು. ನನ್ನ ಹಿಂದಿನವರು ಮುಂದೆ ಬಂದರು.

ಅವಳ ಮಗ್ಗುಲಲ್ಲಿ ಕನ್ನಡಕದಕ್ಕ ನೋಟ್‌ಬುಕ್ಕು ಹಿಡಿದು ನಿಂತಿದ್ದಳು. ಮೂರನೇ ದಿನ ಬೆಳಿಗ್ಗೆ ಗೋಡೆಯ ಆಚೆಯಿಂದ ಪ್ರವಚನ ಕೇಳಿಸಿತು. ಮೆಟ್ಟಿಲು ಹತ್ತಬೇಡಿ, ಅಂದರೆ ಮೇಲೇರುವ ಆಸೆ ಬಿಡಿ. ಭಾರ ಎತ್ತಬೇಡಿ, ಅಂದರೆ ಬೇರೆಯವರ ಪಾಪ ಹೊರಬೇಡಿ. ಬಿಸಿ ಬಟ್ಟೆಗೆ ಅರ್ಥ ಇನ್ನೂ ಸಿಕ್ಕಿಲ್ಲವಂತೆ, ಹುಡುಕುತ್ತಿದ್ದಾರೆ. ನೂರು ನುಡಿಯ ಕೊನೆಗೆ ಇದನ್ನೂ ಸೇರಿಸುವ ಮಾತಿದೆ ಎಂದು ಬೀಗದಕ್ಕ ಹೇಳಿದಳು. ಕುಂಟುತ್ತಿದ್ದ ಒಬ್ಬ ಮುದುಕ ಈಗ ಮೆಟ್ಟಿಲ ಕೆಳಗೇ ಕೂತು ಕೈಮುಗಿದು ಹೋಗುತ್ತಾನೆ. ಅವನ ಕಾಲಿಗೆ ಬೇಕಾದದ್ದು ಬೇರೆ ಔಷಧಿ, ಅವಳನ್ನು ಕೇಳಿದ್ದರೆ ಹೇಳುತ್ತಿದ್ದಳು.

ಅಮ್ಮಾ, ನೀವು ಕಾಗದ ಓದುವವರು, ನಿಮ್ಮ ಮಾತು ಅಲ್ಲಿ ನಡೆಯುತ್ತದೆ. ದಯವಿಟ್ಟು ಅದನ್ನು ಪುಸ್ತಕದಿಂದ ತೆಗೆಸಿ. ಅದು ನನ್ನ ಮೊಣಕಾಲಿಗೆ ಹೇಳಿದ್ದು. ಅವಳು ಆ ಕುರ್ಚಿಗೆ ಹೋದ ಮೇಲೆ ತಾನಾಗಿ ಆಡಿದ ಮಾತು ಅದೊಂದೇ ಇರಬಹುದು, ಅದನ್ನಾದರೂ ಇದ್ದ ಹಾಗೆ ಬಿಡಿ. ಆಗುವುದಿಲ್ಲ ಎಂದಾದರೆ ಕಾರ್ಡು ಕಳಿಸಬೇಡಿ, ನನ್ನ ಹತ್ತಿರ ಒಂದಿದೆ.

ಬಿಸಿ ಬಟ್ಟೆ ದಿನಾ ಕಟ್ಟುತ್ತಿದ್ದೇನೆ. ನೋವು ಸ್ವಲ್ಪ ಕಡಿಮೆ. ಮೆಟ್ಟಿಲು ಮಾತ್ರ ಹತ್ತುತ್ತಿದ್ದೇನೆ, ಒಣಹಾಕುವ ಹಗ್ಗ ಮಾಳಿಗೆಯ ಮೇಲಿದೆ.

ಇಂತಿ
ಒಗೆಯುವ ಕೋಣೆಯ ಮುದುಕಿ